ಸೈಕಲ್‌ಗೆ ಎಂಜಿನ್ ಎಲ್ಲಿ ಕೂರಿಸೋದು? ಯುರೋಪಿನ ಹಳೇ ಮೋಟಾರ್‌ಸೈಕಲ್‌ಗಳನ್ನು ಮ್ಯೂಸಿಯಂನಲ್ಲಿ ನೋಡುವ ಬಗೆ

ಬೆಂಗಳೂರಿನ ರಸ್ತೆಗಳಲ್ಲಿ ಈಗ ಬ್ಯಾಟರಿ ಸೈಕಲ್‌ಗಳು ದಿನವೂ ಕಾಣುತ್ತವೆ. ಸ್ವಲ್ಪ ದೂರ ತುಳಿಯೋದು, ಸ್ವಲ್ಪ ದೂರ ಮೋಟಾರಿನ ಮೇಲೆ ಹೋಗೋದು. 2024ರಲ್ಲಿ ಲೂನಾ ಕೂಡ ಬ್ಯಾಟರಿ ಹಾಕಿಕೊಂಡು ಇ-ಲೂನಾ ಆಗಿ ವಾಪಸ್ ಬಂತು. ಅಂಗಡಿಯಲ್ಲಿ ಇಂಥ ಸೈಕಲ್ ಕೇಳಿದರೆ 'ಹಬ್ ಮೋಟಾರ್ ಬೇಕಾ, ಮಿಡ್ ಡ್ರೈವ್ ಬೇಕಾ' ಎನ್ನುತ್ತಾರೆ. ಮೋಟಾರು ಚಕ್ರದ ಒಳಗಿರಬೇಕಾ, ಪೆಡಲ್ ಹತ್ತಿರ ಇರಬೇಕಾ ಅಂತ ಅರ್ಥ. ಹೊಸ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಈ ಪ್ರಶ್ನೆಗೆ 140 ವರ್ಷ ವಯಸ್ಸಾಗಿದೆ.

ಅದಕ್ಕೆ ಸಿಕ್ಕ ಉತ್ತರಗಳೆಲ್ಲ ಈಗ ಯುರೋಪಿನ ಮ್ಯೂಸಿಯಂಗಳಲ್ಲಿ ಸಾಲಾಗಿ ನಿಂತಿವೆ. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕೆಲಸಕ್ಕಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರು ನಮ್ಮಲ್ಲಿ ಈಗ ಬಹಳ ಜನ. ಮಕ್ಕಳು ಒಂದು ದಿನ ಮ್ಯೂಸಿಯಂಗೆ ಕರೆದುಕೊಂಡು ಹೋಗೇ ಹೋಗುತ್ತಾರೆ. ಅಲ್ಲಿ ಹೊಳೆಯುವ ಗಾಡಿಗಳ ಮುಂದೆ ಸುಮ್ನೆ ನಡೆದುಕೊಂಡು ಹೋದರೆ ಹತ್ತು ನಿಮಿಷಕ್ಕೆ ಎಲ್ಲ ಒಂದೇ ಥರ ಕಾಣತೊಡಗುತ್ತವೆ. ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋದರೆ ಹಾಗಾಗುವುದಿಲ್ಲ. ಪ್ರತಿ ಗಾಡಿಯ ಮುಂದೆ ನಿಂತು ಕೇಳಿ: ಎಂಜಿನ್ ಎಲ್ಲಿದೆ? ಅಲ್ಲೇ ಯಾಕೆ ಇಟ್ಟರು?

ಮೊದಲು ಕೆಲವು ಪದಗಳು

ಸೈಕಲ್‌ಗೆ ಗಾಳಿ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಹೊರಗಿನ ಕೊಳವೆ ಇದೆ, ಒಳಗೆ ಮೇಲೆ ಕೆಳಗೆ ಹೋಗುವ ದಂಡ ಇದೆ. ಎಂಜಿನ್‌ನಲ್ಲಿ ಆ ಕೊಳವೆಗೆ ಸಿಲಿಂಡರ್ ಅಂತಲೂ, ಒಳಗೆ ಓಡಾಡುವ ಭಾಗಕ್ಕೆ ಪಿಸ್ಟನ್ ಅಂತಲೂ ಹೆಸರು. ಪಂಪಿನಲ್ಲಿ ನಾವು ಕೈಯಿಂದ ಒತ್ತುತ್ತೇವೆ. ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಒತ್ತುತ್ತದೆ. ಪಿಸ್ಟನ್ನಿನ ಮೇಲೆ-ಕೆಳಗೆ ಓಟ ಕ್ರ್ಯಾಂಕ್ ಎಂಬ ಭಾಗದಿಂದ ಸುತ್ತುವ ಓಟವಾಗುತ್ತದೆ. ಪೆಡಲ್ ತುಳಿಯುವಾಗ ನಮ್ಮ ಕಾಲು ಮಾಡುವುದೂ ಇದನ್ನೇ.

ಸಿಸಿ ಅಂದರೆ ಪಿಸ್ಟನ್ ಓಡಾಡುವ ಜಾಗದ ಅಳತೆ. ಒಂದು ಸಿಸಿ ಅಂದರೆ ಒಂದು ಮಿಲಿಲೀಟರ್. 50 ಸಿಸಿ ಎಂಜಿನ್ನಿನ ಜಾಗದಲ್ಲಿ ಬೈ-ಟು ಕಾಫಿ ತುಂಬುವುದೂ ಕಷ್ಟ. ಬುಲೆಟ್ಟಿನ 350 ಸಿಸಿ ಅಂದರೆ ಒಂದು ಚೊಂಬಿಗಿಂತ ಕಡಿಮೆ ನೀರು.

ಇನ್ನು ಟೂ-ಸ್ಟ್ರೋಕ್, ಫೋರ್-ಸ್ಟ್ರೋಕ್. ಎಂಜಿನ್ ನಾಲ್ಕು ಕೆಲಸ ಮಾಡಬೇಕು. ಮಿಶ್ರಣವನ್ನು ಎಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು, ಹೊಗೆಯನ್ನು ಹೊರಗೆ ಹಾಕಬೇಕು. ಒಂದೊಂದು ಕೆಲಸಕ್ಕೂ ಪಿಸ್ಟನ್ನಿನ ಒಂದೊಂದು ಓಟ ಬಳಸಿದರೆ ಫೋರ್-ಸ್ಟ್ರೋಕ್. ಎರಡೇ ಓಟದಲ್ಲಿ ನಾಲ್ಕನ್ನೂ ಮುಗಿಸಿದರೆ ಟೂ-ಸ್ಟ್ರೋಕ್. ಟೂ-ಸ್ಟ್ರೋಕ್‌ನಲ್ಲಿ ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ಹೊಗೆ ಜಾಸ್ತಿ. ಬಂಕ್‌ನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಂಡವರಿಗೆ ಅದರ ವಾಸನೆ ಈಗಲೂ ನೆನಪಿರುತ್ತದೆ.

ಸೀಟಿನ ಕೆಳಗೆ ಬೆಂಕಿ

ಸ್ಟುಟ್‌ಗಾರ್ಟಿನ ಮರ್ಸಿಡಿಸ್-ಬೆನ್ಜ್ ಮ್ಯೂಸಿಯಂನಲ್ಲಿ ಮರದ ಒಂದು ವಿಚಿತ್ರ ಗಾಡಿ ಇದೆ. ದೊಡ್ಡ ಚಕ್ರ ಎರಡು. ಮಕ್ಕಳ ಸೈಕಲ್ಲಿಗೆ ಇರುವ ಹಾಗೆ ಪಕ್ಕದಲ್ಲಿ ಚಿಕ್ಕ ಚಕ್ರ ಎರಡು. ಮೇಲೆ ಕುದುರೆ ಜೀನಿನಂಥ ಸೀಟು. ಇದು ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ 1885ರಲ್ಲಿ ಕಾನ್‌ಸ್ಟಾಟ್‌ನಲ್ಲಿ ಮಾಡಿದ ಗಾಡಿಯ ಪ್ರತಿರೂಪ. ಪೆಟ್ರೋಲಿಯಂ ಇಂಧನದಲ್ಲಿ ಓಡುವ ಮೊದಲ ಮೋಟಾರ್‌ಸೈಕಲ್ ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಉಗಿಯಲ್ಲಿ ಓಡುವ ಸೈಕಲ್ಲನ್ನು ಫ್ರಾನ್ಸಿನಲ್ಲೂ ಅಮೆರಿಕದಲ್ಲೂ ಅದಕ್ಕೂ ಮೊದಲೇ ಮಾಡಿ ನೋಡಿದ್ದರು.

ಎಂಜಿನ್ 264 ಸಿಸಿ. ಶಕ್ತಿ ಅರ್ಧ ಎಚ್‌ಪಿ, ಅಂದರೆ ಮನೆಯ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ಸಣ್ಣ ಮೋಟಾರಿನಷ್ಟು. ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್. ಡೈಮ್ಲರ್‌ಗೆ ಮೋಟಾರ್‌ಸೈಕಲ್ ಮಾಡುವ ಆಸೆ ಇರಲಿಲ್ಲ. ತನ್ನ ಎಂಜಿನ್ ಒಂದು ಗಾಡಿಯನ್ನು ಎಳೆಯುತ್ತದೋ ಇಲ್ಲವೋ ಎಂದು ನೋಡಬೇಕಿತ್ತು. ಅದಕ್ಕೆ ಅತಿ ಕಡಿಮೆ ಖರ್ಚಿನ ಗಾಡಿ ಎರಡು ಚಕ್ರದ್ದು. ಮರುವರ್ಷವೇ ಅವರು ಎಂಜಿನ್ನನ್ನು ನಾಲ್ಕು ಚಕ್ರದ ಸಾರೋಟಿಗೆ ಹಾಕಿದರು. ಎರಡು ಚಕ್ರದ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಅವರು ಎಂಜಿನ್ ಇಟ್ಟ ಜಾಗ ಸವಾರನ ಸೀಟಿನ ನೇರ ಕೆಳಗೆ. ಆಗ ಗಾಡಿಗೆ ಹಾಕುವಂಥ ನಂಬಿಕಸ್ಥ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಿಲಿಂಡರಿಗೆ ಒಂದು ಸಣ್ಣ ಕೊಳವೆ ಸಿಕ್ಕಿಸಿ, ಅದನ್ನು ಹೊರಗಿನಿಂದ ಬರ್ನರ್ ಉರಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ಒಳಗೆ ಒತ್ತಿದ ಮಿಶ್ರಣ ಆ ಕಾದ ಕೊಳವೆಗೆ ತಾಗಿ ಹೊತ್ತಿಕೊಳ್ಳುತ್ತಿತ್ತು. ಅಂದರೆ ಸವಾರ ಕೂತದ್ದು ಉರಿಯುವ ಒಲೆಯ ಮೇಲೆ. ಡೈಮ್ಲರ್ ಮಗ ಅದರಲ್ಲಿ ಮೊದಲ ಸವಾರಿ ಹೋದಾಗ ಸೀಟಿಗೆ ಬೆಂಕಿ ಹತ್ತಿತ್ತು ಎಂಬ ಮಾತು ಇದೆ.

ಚಕ್ರಕ್ಕೇ ಕಟ್ಟಿದ ಎಂಜಿನ್

1894ರಲ್ಲಿ ಮ್ಯೂನಿಕ್‌ನ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ಮೊದಲ ಬಾರಿಗೆ ಮೋಟಾರ್‌ಸೈಕಲ್‌ಗಳನ್ನು ಮಾರಾಟಕ್ಕೆಂದೇ ಸಾಲಾಗಿ ತಯಾರಿಸಿದರು. ಎಂಜಿನ್ 1,488 ಸಿಸಿ. ಇವತ್ತಿನ ಒಂದು ಮಧ್ಯಮ ಕಾರಿನಷ್ಟು. ಶಕ್ತಿ ಮಾತ್ರ ಎರಡೂವರೆ ಎಚ್‌ಪಿ.

ಇಲ್ಲಿ ಚೈನೂ ಇಲ್ಲ, ಬೆಲ್ಟೂ ಇಲ್ಲ. ಉಗಿಬಂಡಿಯ ಎಂಜಿನ್ನಿನಲ್ಲಿ ಉದ್ದದ ಕಬ್ಬಿಣದ ದಂಡಗಳು ಚಕ್ರವನ್ನು ನೂಕುವುದನ್ನು ನೋಡಿದ್ದೀರಲ್ಲ, ಅದೇ ಥರ ಪಿಸ್ಟನ್ನಿನ ದಂಡಗಳು ಸೀದಾ ಹಿಂದಿನ ಚಕ್ರಕ್ಕೆ ಜೋಡಿಸಿದ್ದವು. ದಂಡ ವಾಪಸ್ ಬರಲು ನೆರವಾಗಲೆಂದು ದಪ್ಪ ರಬ್ಬರ್ ಪಟ್ಟಿಗಳಿದ್ದವು. ಎಂಜಿನ್ ತಂಪು ಮಾಡುವ ನೀರು ಹಿಂದಿನ ಮಡ್‌ಗಾರ್ಡಿನ ಒಳಗಿನ ತೊಟ್ಟಿಯಲ್ಲಿತ್ತು.

ಇದರಲ್ಲಿ ಕ್ಲಚ್ ಇರಲಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಕೈಹಿಡಿತವನ್ನು ಬೇಕೆಂದಾಗ ಬಿಡಿಸುವ ಭಾಗವೇ ಕ್ಲಚ್. ಅದಿಲ್ಲದಿದ್ದರೆ ಚಕ್ರ ನಿಂತ ಕೂಡಲೇ ಎಂಜಿನ್ನೂ ನಿಲ್ಲುತ್ತದೆ. ಗಾಡಿಯನ್ನು ತಳ್ಳಿಕೊಂಡು ಓಡಿ, ಅದು ಸದ್ದು ಮಾಡಿದ ತಕ್ಷಣ ಹಾರಿ ಕೂರಬೇಕಿತ್ತು. ಬ್ಯಾಟರಿ ಡೌನ್ ಆದ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡಿದವರಿಗೆ ಇದರ ಕಷ್ಟ ಗೊತ್ತು. ಇಲ್ಲಿ ಪ್ರತಿ ಸಲವೂ ಅದೇ ಕೆಲಸ. 1897ರ ಹೊತ್ತಿಗೆ ತಯಾರಿಕೆ ನಿಂತುಹೋಯಿತು.

ಮುಂದಿನಿಂದ ನಡುವಿಗೆ

ಆ 1897ರಲ್ಲೇ ಪ್ಯಾರಿಸ್‌ನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ರಷ್ಯಾ ಮೂಲದ ವೆರ್ನರ್ ಸೋದರರು, ಮಿಷೆಲ್ ಮತ್ತು ಯೂಜೀನ್, ಸಾಮಾನ್ಯ ಸೈಕಲ್ಲಿನ ಹ್ಯಾಂಡಲ್ ಮುಂದೆ, ಮುಂದಿನ ಚಕ್ರದ ಮೇಲುಗಡೆ ಸಣ್ಣ ಎಂಜಿನ್ ಕೂರಿಸಿದರು. ಅಲ್ಲಿಂದ ಒಂದು ಚರ್ಮದ ಬೆಲ್ಟ್ ಮುಂದಿನ ಚಕ್ರವನ್ನು ತಿರುಗಿಸುತ್ತಿತ್ತು. ಹಗುರ, ಸರಳ. ಜನ ಕೊಂಡರು. ಆದರೆ ಒದ್ದೆ ರಸ್ತೆಯಲ್ಲಿ ಗಾಡಿ ಜಾರಿ ಬೀಳುತ್ತಿತ್ತು.

ಯಾಕೆ ಬೀಳುತ್ತಿತ್ತು? ಸೈಕಲ್ ಮೇಲೆ ಹಾಲು ಸಾಗಿಸುವವರನ್ನು ನೋಡಿ. ದೊಡ್ಡ ಕ್ಯಾನುಗಳನ್ನು ಕ್ಯಾರಿಯರ್‌ನ ಎರಡೂ ಪಕ್ಕ ತಗ್ಗಿನಲ್ಲಿ ನೇತುಹಾಕುತ್ತಾರೆ. ಅದೇ ಕ್ಯಾನನ್ನು ಹ್ಯಾಂಡಲ್ ಮೇಲೆ ಇಟ್ಟುಕೊಂಡು ತಿರುವು ತೆಗೆದುಕೊಳ್ಳಲು ಹೇಳಿ, ಯಾರೂ ಒಪ್ಪುವುದಿಲ್ಲ. ಭಾರ ಮೇಲಿದ್ದಷ್ಟೂ ಗಾಡಿ ಬೇಗ ವಾಲುತ್ತದೆ. ಭಾರ ಹ್ಯಾಂಡಲ್ ಮೇಲಿದ್ದರೆ ತಿರುಗಿಸಿದ ಕಡೆಗೇ ಎಳೆಯುತ್ತದೆ. ಹಾಲಿನವರಿಗೆ ಗೊತ್ತಿದ್ದ ಈ ಲೆಕ್ಕ ಎಂಜಿನ್ ಮಾಡುವವರಿಗೆ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು. 1901ರಲ್ಲಿ ವೆರ್ನರ್ ಸೋದರರು ಎಂಜಿನ್ನನ್ನು ಎರಡು ಚಕ್ರಗಳ ನಡುವೆ, ತಗ್ಗಿನಲ್ಲಿ, ಪೆಡಲ್ ಅಚ್ಚು ಇರುವ ಜಾಗಕ್ಕೆ ತಂದರು. ಎಂಜಿನ್ ಫ್ರೇಮಿನದೇ ಒಂದು ಭಾಗವಾಯಿತು.

ನನ್ನ ಪ್ರಕಾರ ಇಡೀ ಸಂಗ್ರಹದಲ್ಲಿ ಅತಿ ಮುಖ್ಯವಾದ ಬದಲಾವಣೆ ಇದೇ. ನಿಮ್ಮ ಮನೆ ಮುಂದೆ ನಿಂತಿರುವ ಸ್ಪ್ಲೆಂಡರ್ ನೋಡಿ. ಎಂಜಿನ್ ಅದೇ ಜಾಗದಲ್ಲಿದೆ.

ಕಿಡಿ ಎಲ್ಲಿಂದ ಬಂತು

ಕಾದ ಕೊಳವೆಯ ಅಪಾಯ ತಪ್ಪಿಸಿದ್ದು ಮ್ಯಾಗ್ನೆಟೋ. ಸೈಕಲ್ ಡೈನಮೋ ಗೊತ್ತಲ್ಲ, ಅದರ ಸಂಬಂಧಿಯೇ ಇದು. ಅಯಸ್ಕಾಂತ ಮತ್ತು ತಂತಿಯ ಸುರುಳಿ, ಎರಡರಲ್ಲಿ ಒಂದು ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಎಂಜಿನ್ ತಿರುಗುವಾಗ ತನ್ನ ಕಿಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಬ್ಯಾಟರಿ ಬೇಡ, ಬೆಂಕಿ ಬೇಡ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಅವರ ಕಾರ್ಯಾಗಾರ 1897ರಲ್ಲಿ ಒಂದು ಫ್ರೆಂಚ್ ಮೂರು ಚಕ್ರದ ಗಾಡಿಗೆ ಇದನ್ನು ಅಳವಡಿಸಿತು. 1902ರಲ್ಲಿ ಅಲ್ಲಿನ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ತಂದರು. ಇದೇ ಬಾಷ್ 1951ರಲ್ಲಿ ಬೆಂಗಳೂರಿಗೆ ಮೈಕೋ ಆಗಿ ಬಂದದ್ದು. ಆಡುಗೋಡಿಯ ಕಾರ್ಖಾನೆಯ ಮೈಕೋ ಪ್ಲಗ್ ಸಿಗದ ಮೆಕ್ಯಾನಿಕ್ ಅಂಗಡಿ ಒಂದು ಕಾಲದಲ್ಲಿ ಇರಲಿಲ್ಲ.

ಹಳೇ ಗಾಡಿಗಳ ಮುಂದಿನ ಹಿತ್ತಾಳೆ ದೀಪಕ್ಕೂ ಡೈನಮೋಗೂ ಸಂಬಂಧ ಇಲ್ಲ. ಅದು ಕಾರ್ಬೈಡ್ ದೀಪ. ಕಾರ್ಬೈಡ್ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿದಾಗ ಬರುವ ಗ್ಯಾಸನ್ನು ಹಚ್ಚುತ್ತಿದ್ದರು.

ಒಂದು ಪತ್ರ, ಒಂದು ಕಾರ್ಖಾನೆ, ಒಂದು ಮೈಸೂರು

ಈಗಿನ ಚೆಕ್ ದೇಶದ ಮ್ಲಾಡಾ ಬೋಲೆಸ್ಲಾವ್ ಊರಿನಲ್ಲಿ ವಾಕ್ಲಾವ್ ಕ್ಲೆಮೆಂಟ್ ಎಂಬ ಪುಸ್ತಕ ವ್ಯಾಪಾರಿ ಇದ್ದರು. ಅವರ ಜರ್ಮನ್ ಸೈಕಲ್ ಕೆಟ್ಟಿತು. ಕಂಪನಿಯ ಏಜೆನ್ಸಿಗೆ ಚೆಕ್ ಭಾಷೆಯಲ್ಲಿ ಪತ್ರ ಬರೆದರು. ನಮಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ ಎಂಬರ್ಥದ ಉತ್ತರ ಬಂತು. ತಮ್ಮ ಊರಿನಲ್ಲಿ, ತಮ್ಮ ಭಾಷೆಯಲ್ಲಿ ಬರೆದದ್ದಕ್ಕೆ ಸಿಕ್ಕ ಉತ್ತರ ಇದು. ಕ್ಲೆಮೆಂಟ್ ಸುಮ್ಮನಿರಲಿಲ್ಲ. ವಾಕ್ಲಾವ್ ಲಾರಿನ್ ಎಂಬ ಮೆಕ್ಯಾನಿಕ್ ಜೊತೆ ಸೇರಿ 1895ರಲ್ಲಿ ಸ್ವಂತ ಸೈಕಲ್ ಕಾರ್ಯಾಗಾರ ತೆರೆದರು. 1899ಕ್ಕೆ ಮೋಟಾರ್‌ಸೈಕಲ್ ಮಾಡಿದರು. 1905ರಲ್ಲಿ ಅವರ ಗಾಡಿ ಫ್ರಾನ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ರೇಸ್ ಗೆದ್ದಿತು. ಆ ಕಂಪನಿಯೇ ಇವತ್ತಿನ ಸ್ಕೋಡಾ ಕಾರು ಕಂಪನಿ. ಮ್ಯೂಸಿಯಂನಲ್ಲಿ ಲಾರಿನ್-ಕ್ಲೆಮೆಂಟ್ ಎಂಬ ಹೆಸರು ಕಂಡರೆ ದಯವಿಟ್ಟು ಒಂದು ನಿಮಿಷ ಜಾಸ್ತಿ ನಿಲ್ಲಿ.

ಅದೇ ನಾಡಿನಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ಮಾಡುವ ಹಕ್ಕು ಕೊಂಡರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಯಾನೆಚೆಕ್‌ನ (Janeček) ಮೊದಲ ಎರಡು ಅಕ್ಷರ JA, ವಾಂಡರರ್‌ನ (Wanderer) ಮೊದಲ ಎರಡು ಅಕ್ಷರ WA ಸೇರಿ ಜಾವಾ ಆಯಿತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ನಂಟಿಲ್ಲ. ಮುಂದೆ ಯುದ್ಧ ಬಂತು, ದೇಶ ಜರ್ಮನ್ ಸೈನ್ಯದ ಕೈಯಲ್ಲಿತ್ತು. ಆ ದಿನಗಳಲ್ಲೇ ಜಾವಾ ಎಂಜಿನಿಯರ್‌ಗಳು ಕದ್ದುಮುಚ್ಚಿ ಒಂದು 250 ಸಿಸಿ ಟೂ-ಸ್ಟ್ರೋಕ್ ಗಾಡಿ ರೂಪಿಸಿದರು. 1946ರಲ್ಲಿ ಅದು ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು.

1954ರ ಮಾದರಿ ನಮಗೆ ಇನ್ನೂ ಹತ್ತಿರ. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ಕಿಕ್ ಹೊಡೆದು ಸ್ಟಾರ್ಟ್ ಆದಮೇಲೆ ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕಬಹುದು. ಯೆಜ್ಡಿ ಓಡಿಸಿದವರು ಈಗ ನಗುತ್ತಿರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಸಲು ಶುರುಮಾಡಿದ್ದು ಇದೇ ವಂಶದ ಗಾಡಿಯನ್ನು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪ್ರಾಗ್‌ನಲ್ಲಿ ಗಾಜಿನ ಹಿಂದೆ ಇರುವ ಗಾಡಿಯ ತಮ್ಮ ಮೈಸೂರಿನ ಬೀದಿಗಳಲ್ಲಿ ಇವತ್ತೂ ಡುಬು ಡುಬು ಎಂದು ಓಡುತ್ತಾನೆ.

ಯುದ್ಧದ ನಂತರ ಮತ್ತೆ ಸೈಕಲ್

ಮೋಟಾರ್‌ಸೈಕಲ್ ಇಷ್ಟು ಬೆಳೆದಮೇಲೆ 1945ರ ನಂತರ ಯುರೋಪ್ ಮತ್ತೆ ಸೈಕಲ್ಲಿಗೆ ಎಂಜಿನ್ ಕಟ್ಟಲು ಹೋದದ್ದೇಕೆ? ಊರುಗಳು ಬಾಂಬಿಗೆ ಸಿಕ್ಕಿದ್ದವು. ಬಸ್ಸು, ರೈಲು ಸರಿಯಿರಲಿಲ್ಲ. ಪೆಟ್ರೋಲ್ ರೇಷನ್ ಆಗಿತ್ತು. ಕೆಲಸಕ್ಕೆ ಹೋಗಲೇಬೇಕು, ಕೈಯಲ್ಲಿ ಕಾಸಿಲ್ಲ. ಇದ್ದದ್ದು ಮನೆಯ ಹಳೇ ಸೈಕಲ್. ಅದಕ್ಕೇ ಏನಾದರೂ ಕಟ್ಟಿಕೊಳ್ಳೋಣ ಅನ್ನಿಸಿದ್ದು ಸಹಜ.

ಇಟಲಿಯ ಬೊಲೊನ್ಯಾದಲ್ಲಿ ಡುಕಾಟಿ ಕಂಪನಿ ರೇಡಿಯೋ ಭಾಗಗಳನ್ನು ಮಾಡುತ್ತಿತ್ತು. 1944ರಲ್ಲಿ ಕಾರ್ಖಾನೆಯ ಮೇಲೆ ಬಾಂಬ್ ಬಿತ್ತು. ಯುದ್ಧ ಮುಗಿದಮೇಲೆ ಅದು ಕೈಗೆತ್ತಿಕೊಂಡದ್ದು ಕುಚ್ಚೋಲೋ ಎಂಬ 48 ಸಿಸಿ ಎಂಜಿನ್ನನ್ನು. ಟೂರಿನ್‌ನಲ್ಲಿ ಹುಟ್ಟಿದ ಈ ಎಂಜಿನ್ನನ್ನು ಸೈಕಲ್ಲಿನ ಪೆಡಲ್ ಇರುವ ಜಾಗಕ್ಕೆ ಬಿಗಿಯಬಹುದಿತ್ತು. ಕುಚ್ಚೋಲೋ ಅಂದರೆ ನಾಯಿಮರಿ. ಅದರ ಸೈಲೆನ್ಸರಿನ ಸದ್ದು ಮರಿ ಬೊಗಳಿದ ಹಾಗಿತ್ತಂತೆ. ಇವತ್ತು ಲಕ್ಷಾಂತರ ರೂಪಾಯಿಯ ಕೆಂಪು ಬೈಕುಗಳನ್ನು ಮಾಡುವ ಡುಕಾಟಿ ಎರಡು ಚಕ್ರಕ್ಕೆ ಬಂದದ್ದು ಈ ನಾಯಿಮರಿಯಿಂದ.

ಫ್ರಾನ್ಸಿನ ವೆಲೋಸೊಲೆಕ್ಸ್ ಮುಂದಿನ ಚಕ್ರವನ್ನೇ ಆರಿಸಿಕೊಂಡಿತು. ಇದು ಅರ್ಥವಾಗಲು ಮತ್ತೆ ಡೈನಮೋ ನೆನಪಿಸಿಕೊಳ್ಳಿ. ಡೈನಮೋವನ್ನು ಟೈರಿಗೆ ಒತ್ತಿದರೆ ಚಕ್ರ ಅದನ್ನು ತಿರುಗಿಸುತ್ತದೆ. ಸೊಲೆಕ್ಸ್‌ನಲ್ಲಿ ಇದರ ಉಲ್ಟಾ. ಎಂಜಿನ್ನಿನ ರೋಲರ್ ಟೈರಿಗೆ ಒತ್ತಿಕೊಂಡು ಚಕ್ರವನ್ನು ತಿರುಗಿಸುತ್ತದೆ. ಮೊದಲು ತುಳಿದು ವೇಗ ತಗೊಳ್ಳಬೇಕು, ಆಮೇಲೆ ಲಿವರಿನಿಂದ ಎಂಜಿನ್ನನ್ನು ಟೈರಿನ ಮೇಲೆ ಇಳಿಸಬೇಕು. ಬೇಡವೆಂದರೆ ಎತ್ತಿಬಿಟ್ಟರೆ ಬರೀ ಸೈಕಲ್. ಮಳೆಯಲ್ಲಿ ರೋಲರ್ ಜಾರುತ್ತಿತ್ತು, ಟೈರ್ ಸವೆಯುತ್ತಿತ್ತು. ಆದರೂ 1946ರಿಂದ 1988ರವರೆಗೆ ಫ್ರಾನ್ಸಿನಲ್ಲಿ ತಯಾರಾಯಿತು. ಮಾರಾಟವಾದದ್ದು 70 ಲಕ್ಷಕ್ಕೂ ಹೆಚ್ಚು. ಎಂಜಿನ್ ಪುಟ್ಟದಾಗಿದ್ದರಿಂದ, ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸು ಇದ್ದದ್ದರಿಂದ, ವೆರ್ನರ್‌ಗೆ ಕಾಡಿದ ಭಾರದ ತೊಂದರೆ ಇದನ್ನು ಅಷ್ಟಾಗಿ ಕಾಡಲಿಲ್ಲ.

ಇಂಗ್ಲೆಂಡಿನಲ್ಲಿ 1950ರಲ್ಲಿ ಬಂದ ಸೈಕಲ್‌ಮಾಸ್ಟರ್ ಇನ್ನೊಂದು ದಾರಿ ಹಿಡಿಯಿತು. ಹಿಂದಿನ ಚಕ್ರ ತೆಗೆದು, ಒಳಗೇ ಎಂಜಿನ್ ಇರುವ ಹೊಸ ಚಕ್ರ ಹಾಕಿಕೊಳ್ಳುವುದು. ಎಂಜಿನ್ ಬರೀ 25.7 ಸಿಸಿ, ಆಮೇಲೆ 32 ಸಿಸಿ. ಇವತ್ತಿನ ಹಬ್ ಮೋಟಾರ್ ಸೈಕಲ್ ಪಕ್ಕದಲ್ಲಿ ನಿಲ್ಲಿಸಿದರೆ ಅಜ್ಜ-ಮೊಮ್ಮಗ ಅನ್ನಬಹುದು. ಮಿಡ್ ಡ್ರೈವ್ ಸೈಕಲ್ಲಿನಲ್ಲಿ ಮೋಟಾರು ಇರುವುದು 1901ರ ವೆರ್ನರ್ ಇಟ್ಟ ಜಾಗದಲ್ಲಿ. ಅಂಗಡಿಯವರು ಕೇಳುವ ಪ್ರಶ್ನೆಗೆ ಉತ್ತರವೂ ಹಳೆಯದೇ. ಹಬ್ ಮೋಟಾರ್ ಸರಳ, ಅಗ್ಗ. ನಡುವಿನ ಮೋಟಾರಿಗೆ ಸೈಕಲ್ಲಿನ ಗೇರುಗಳು ಸಿಗುವುದರಿಂದ ಏರಿನಲ್ಲಿ ಅನುಕೂಲ.

ಮೊಪೆಡ್ ಎಂಬ ಪದ, ಪೆಡಲ್ ಎಂಬ ಗುಟ್ಟು

ಮೋಟಾರ್ ಪದದ ಮೊ, ಪೆಡಲ್ ಪದದ ಪೆಡ್. 1952ರಲ್ಲಿ ಸ್ವೀಡನ್ನಿನ ಪತ್ರಕರ್ತ ಹರಾಲ್ಡ್ ನೀಲ್ಸನ್ ಈ ಪದ ಹುಟ್ಟಿಸಿದರು. ಮರುವರ್ಷ ಜರ್ಮನಿಯ ಎನ್‌ಎಸ್‌ಯು ಕಂಪನಿ ಕ್ವಿಕ್ಲಿ ಎಂಬ 49 ಸಿಸಿ ಮೊಪೆಡ್ ತಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಈ ಕಂಪನಿ ಶುರುವಾದದ್ದು ಹೆಣಿಗೆ ಯಂತ್ರ ಮಾಡುವ ಕೆಲಸದಿಂದ. ಆಮೇಲೆ ಸೈಕಲ್, ಆಮೇಲೆ 1901ರಿಂದ ಮೋಟಾರ್‌ಸೈಕಲ್. ನೆಕ್ಕಾರ್‌ಸುಲ್ಮ್ ಎಂಬ ಅವರ ಊರಿನ ಹಳೇ ಕೋಟೆಮನೆಯಲ್ಲಿ 1956ರಿಂದ ದ್ವಿಚಕ್ರ ವಾಹನಗಳ ಮ್ಯೂಸಿಯಂ ಇದೆ. ಸ್ಟುಟ್‌ಗಾರ್ಟಿಗೆ ಹೋದವರು ಒಂದೇ ದಿನದಲ್ಲಿ ನೋಡಿ ಬರಬಹುದು.

ಎಂಜಿನ್ ಇರುವಾಗ ಪೆಡಲ್ ಯಾಕೆ? ಸ್ಟಾರ್ಟ್ ಮಾಡಲು, ಏರಿನಲ್ಲಿ ನೆರವಿಗೆ, ಪೆಟ್ರೋಲ್ ಮುಗಿದರೆ ಮನೆ ಸೇರಲು. ಇನ್ನೊಂದು ಕಾರಣ ಕಾನೂನು. ಯುರೋಪಿನ ಹಲವು ದೇಶಗಳು 50 ಸಿಸಿ ಒಳಗಿನ, ಪೆಡಲ್ ಇರುವ ಗಾಡಿಗಳಿಗೆ ತೆರಿಗೆ, ಲೈಸೆನ್ಸ್ ವಿಷಯದಲ್ಲಿ ವಿನಾಯಿತಿ ಕೊಟ್ಟವು. ಅದಕ್ಕೇ ಫಲಕಗಳ ಮೇಲೆ 48, 49 ಎಂಬ ಸಂಖ್ಯೆ ಅಷ್ಟು ಸಲ ಕಾಣುವುದು. ನಮ್ಮಲ್ಲೂ 1988ರ ಮೋಟಾರು ವಾಹನ ಕಾಯ್ದೆ 50 ಸಿಸಿ ಮೀರದ ಗಾಡಿಯನ್ನು 16 ವರ್ಷಕ್ಕೇ ಓಡಿಸಲು ಬಿಟ್ಟಿತು.

ನಮ್ಮ ಊರುಗಳ ಮೊಪೆಡ್‌ಗಳೂ ಈ ಮನೆತನದವೇ. ಸುವೇಗಾ ಫ್ರಾನ್ಸಿನ ಮೋಬಿಲೆಟ್‌ನ ಲೈಸೆನ್ಸ್ ಮೇಲೆ ಬಂತು. 1972ರ ಲೂನಾಗೆ ಇಟಲಿಯ ಪಿಯಾಜಿಯೋ ಚಾವ್ ಮಾದರಿಯಾಯಿತು. ಟಿವಿಎಸ್ 50 ಬಂದದ್ದು 1980ರಲ್ಲಿ, ಪಕ್ಕದ ಹೊಸೂರಿನಿಂದ.

ಇದು ಅಸಲಿಯಾ?

ಮ್ಯೂಸಿಯಂ ಫಲಕದ ಮೇಲೆ ಮೂರು ಥರ ಬರೆದಿರುತ್ತಾರೆ. ಮೂಲ ಸ್ಥಿತಿ, ದುರಸ್ತಿ ಮಾಡಿದ್ದು, ಪ್ರತಿರೂಪ. ಡೈಮ್ಲರ್ ಗಾಡಿ ಪ್ರತಿರೂಪ ಯಾಕೆಂದರೆ ಅಸಲಿ ಗಾಡಿ 1903ರಲ್ಲಿ ಕಾರ್ಖಾನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಸರಿಯಾಗಿ ನೂರು ವರ್ಷದ ನಂತರ, 2003ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ರಾಷ್ಟ್ರೀಯ ಮೋಟಾರ್‌ಸೈಕಲ್ ಮ್ಯೂಸಿಯಂಗೂ ಬೆಂಕಿ ಬಿತ್ತು. ನೂರಾರು ಗಾಡಿಗಳು ಸುಟ್ಟವು. ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ದುರಸ್ತಿ ಎಷ್ಟು ಮಾಡಬೇಕು ಎಂಬುದು ಈ ಲೋಕದ ದೊಡ್ಡ ಚರ್ಚೆ. ಹೊಸ ಬಣ್ಣ, ಹೊಸ ಕ್ರೋಮ್ ಹಾಕಿದರೆ ಕಣ್ಣಿಗೆ ಚೆಂದ. ಆದರೆ ಕಾರ್ಖಾನೆಯವರು ಬಳಿದ ಬಣ್ಣ, ಯಾರೋ ಕೈಯಾರೆ ಎಳೆದ ಚಿನ್ನದ ಗೆರೆ, ವರ್ಷಗಟ್ಟಲೆ ಸವೆದ ಗುರುತು ಒಂದೇ ದಿನದಲ್ಲಿ ಹೋಗಿಬಿಡುತ್ತವೆ. ನನಗೆ ಮಾಸಿದ ಗಾಡಿಗಳೇ ಇಷ್ಟ. ಪೆಡಲ್ ರಬ್ಬರ್ ಸವೆದಿದ್ದರೆ ಅದರ ಒಡೆಯ ಎಷ್ಟೋ ಏರುಗಳನ್ನು ತುಳಿದೇ ಹತ್ತಿದ್ದಾನೆ. ಟ್ಯಾಂಕಿನ ಎರಡೂ ಪಕ್ಕ ಬಣ್ಣ ಹೋಗಿದ್ದರೆ ಅದು ಮೊಣಕಾಲು ತಾಗಿದ ಜಾಗ. ಸೊಲೆಕ್ಸ್ ಕಂಡರೆ ಬಗ್ಗಿ ಮುಂದಿನ ಟೈರಿನ ನಡುಭಾಗ ನೋಡಿ. ಟೈರ್ ಬದಲಾಯಿಸದೆ ಬಿಟ್ಟಿದ್ದರೆ ರೋಲರ್ ಉಜ್ಜಿ ನುಣ್ಣಗಾದ ಪಟ್ಟಿ ಅಲ್ಲಿ ಇನ್ನೂ ಇರುತ್ತದೆ.